ಆ ನಾಲ್ಕು ಗಂಟೆ ಎಲ್ಲಿಂದ ಎಲ್ಲಿವರೆಗೆ ಅಂತ ಒಂದ್ಸಲ ಹೇಳಿ: ಬಿಸಿಯೂಟದ ಅಡುಗೆಯವಳ ಮಗಳಿಂದ ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ, ಶಾಲಾ ಶಿಕ್ಷಣ ಸಚಿವರಿಗೆ, ಹಣಕಾಸು ಇಲಾಖೆಯ ದೊಡ್ಡವರಿಗೆ, ಹಂಗೇ ದಿಲ್ಲೀಲಿ ಪಿಎಂ ಪೋಷಣ್ ಅನ್ನೋ ಬಿಸಿಯೂಟದ ಯೋಜನೆ ನೋಡ್ಕೊಳ್ಳೋ ಕೇಂದ್ರ ಶಿಕ್ಷಣ ಸಚಿವರಿಗೆ,

ನಮಸ್ಕಾರ.

ನಾನು ತುಮಕೂರು ಜಿಲ್ಲೆಯವಳು. ನಮ್ಮಮ್ಮ ನಮ್ಮೂರ ಸರ್ಕಾರಿ ಶಾಲೇಲಿ 2005ರಿಂದ ಬಿಸಿಯೂಟದ ಅಡುಗೆ ಮಾಡ್ತಿದ್ದಾಳೆ, ಅಡುಗೆ ಸಹಾಯಕಿ ಅಂತ. ನಾನು ಬಿಕಾಂ ಓದಿದ್ದು ಆ ದುಡ್ಡಲ್ಲೇ ಅಂದ್ರೆ ಸುಳ್ಳಾಗುತ್ತೆ, ಆ ದುಡ್ಡಲ್ಲಿ ಯಾರೂ ಓದಕ್ಕಾಗಲ್ಲ, ಅಮ್ಮ ಸಂಜೆ ಹುಣಸೆಹಣ್ಣಿನ ಬೀಜ ಬಿಡಿಸಿ, ಭಾನುವಾರ ಕಳೆ ಕಿತ್ತು, ಸಂಘದಲ್ಲಿ ಸಾಲ ಎತ್ತಿ ಓದಿಸಿದ್ದು. ಅದಿರ್ಲಿ. ಈ ಪತ್ರ ಬರಿಯೋಕೆ ಕಾರಣ ಕಳೆದ ವರ್ಷ ಒಂದು ಮೀಟಿಂಗಲ್ಲಿ ನಡೆದದ್ದು. ಸುತ್ತಮುತ್ತ ಶಾಲೆಗಳ ಅಡುಗೆಯವರನ್ನೆಲ್ಲ ಕರ್ಸಿದ್ರು, ಸ್ವಚ್ಛತೆ ಬಗ್ಗೆ ತರಬೇತಿ, ಅಮ್ಮನಿಗೆ ಬಸ್ಸಲ್ಲಿ ತಲೆ ಸುತ್ತುತ್ತೆ ಅಂತ ನಾನೂ ಜೊತೆಗೆ ಹೋಗಿದ್ದೆ. ಕೊನೇಲಿ ಒಬ್ಬರು ಹೆಂಗಸು ಎದ್ದು, ಸಾರ್ ಬೆಳಿಗ್ಗೆ ಬಂದ್ರೆ ಮೂರೂವರೆ ಆಗುತ್ತೆ, ಸಂಬಳ ಇಷ್ಟೇ ಆದ್ರೆ ಹೆಂಗೆ ಅಂದ್ರು. ಅದಕ್ಕೆ ವೇದಿಕೆ ಮೇಲಿದ್ದ ಸಾಹೇಬ್ರು ನಗ್ತಾನೇ ಹೇಳಿದ್ರು, "ನೋಡಮ್ಮ, ಫಸ್ಟು ಅದು ಸಂಬಳ ಅಲ್ಲ, ಗೌರವಧನ. ಎರಡ್ನೇದು ನಿಮ್ದು ಪಾರ್ಟ್ ಟೈಮು, ನಾಲ್ಕೇ ಗಂಟೆ. ಮನೆ ಕೆಲಸ ಮುಗಿಸ್ಕೊಂಡು ಬಂದು ಮಾಡ್ಕೊಟ್ಟು ಹೋಗೋದು." ಅವರೇನೂ ಬೈಯಲಿಲ್ಲ, ಗದರಲಿಲ್ಲ, ನಮ್ಮನೇಲಿ ಮಾವ ಮಾತಾಡ್ದಂಗೆ ಸಲೀಸಾಗಿ ಹೇಳಿದ್ರು. ಹೆಂಗಸರೂ ನಕ್ಕು ಸುಮ್ಮನಾದ್ರು. ನನಗೆ ಮಾತ್ರ ಆ "ನಾಲ್ಕೇ ಗಂಟೆ" ತಲೇಲೇ ಕೂತ್ಬಿಡ್ತು, ಯಾಕಂದ್ರೆ ನಾನು ಅಕೌಂಟ್ಸ್ ಕೆಲಸ ಮಾಡೋಳು, ಸಂಬಳದ ರಿಜಿಸ್ಟರ್ ಬರಿಯೋಳು, ಗಂಟೆ ಅಂದ ತಕ್ಷಣ ಎಲ್ಲಿಂದ ಎಲ್ಲಿಗೆ ಅಂತ ಕೇಳೋ ಚಾಳಿ.

ಹಂಗಾಗಿ ಎರಡು ದಿನ ರಜ ಹಾಕಿ, ಒಂದು ಮಂಗಳವಾರ ಒಂದು ಬುಧವಾರ, ಅಮ್ಮನ ಹಿಂದೆನೇ ಹೋಗಿ ಅಡುಗೆ ಕೋಣೆ ಬಾಗಿಲಲ್ಲಿ ಕೂತು ಫೋನಲ್ಲಿ ಟೈಮ್ ಬರ್ಕೊಂಡೆ. ನಮ್ಮ ಶಾಲೇಲಿ 94 ಮಕ್ಕಳು. ನಿಮ್ಮ ನಿಯಮದ ಪ್ರಕಾರ 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಇನ್ನೊಬ್ಬರು. ಅಂದ್ರೆ 26 ಮಕ್ಕಳಿದ್ರೂ ಇಬ್ಬರು, 94 ಇದ್ರೂ ಇಬ್ಬರು. ಒಬ್ರು ನಮ್ಮಮ್ಮ, ಸಹಾಯಕಿ. ಇನ್ನೊಬ್ರು ಒಬ್ಬ ಅಕ್ಕ, ಅವರು ಮುಖ್ಯ ಅಡುಗೆಯವರು.

8.55ಕ್ಕೆ ಬೀಗ ತೆಗೆದ್ರು. ಹಿಂದಿನ ದಿನ ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನೇ ಮತ್ತೆ ತೊಳೀಬೇಕು, ಇಲಿ ಹಲ್ಲಿ ಓಡಾಡಿರುತ್ತೆ ಅಂತ. ನಲ್ಲೀಲಿ ನೀರು ಬರ್ತಿರ್ಲಿಲ್ಲ, ಸಿಂಟೆಕ್ಸಿಂದ ಬಿಂದಿಗೇಲಿ ಹೊತ್ತು ತಂದ್ರು, ನಾನು ಎಣಿಸಿದ್ದು ಹದಿನಾಲ್ಕು ಬಿಂದಿಗೆ. ಆಮೇಲೆ ಹಾಲು. ಹಾಲಿನ ಪುಡೀನ ಒಂದೇ ಸಲ ಬಿಸಿನೀರಿಗೆ ಸುರಿದ್ರೆ ಗಂಟು ಕಟ್ಟುತ್ತೆ, ಅದಕ್ಕೆ ಮೊದ್ಲು ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಸೋಸಿ, ಆಮೇಲೆ ದೊಡ್ಡ ಪಾತ್ರೆಗೆ. ರಾಗಿ ಮಾಲ್ಟ್ ಇರೋ ದಿನ ಅದೂ ಇದ್ರೊಳಗೆ, ತಳ ಹಿಡೀದಂಗೆ ನಿಂತು ತಿರುವುತಾನೇ ಇರ್ಬೇಕು. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಹಾಲು ಹಂಚಿ, ಲೋಟ ತೊಳೆಯೋ ಹೊತ್ತಿಗೆ 10.35. ಗಮನಿಸಿ, ಅಡುಗೆ ಇನ್ನೂ ಶುರುವೇ ಆಗಿಲ್ಲ.

ಅಮ್ಮ ಕೆಲಸಕ್ಕೆ ಸೇರ್ದಾಗ ಈ ಹಾಲು ಇರ್ಲಿಲ್ಲ. ಕ್ಷೀರಭಾಗ್ಯ ಬಂದಿದ್ದು 2013ರ ಆಗಸ್ಟಲ್ಲಿ. ಮೊಟ್ಟೆ ಇರ್ಲಿಲ್ಲ, ಅದು ಕೆಲವು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಎಲ್ಲಾ ಕಡೆ ಬಂತು, 2024ರಿಂದ ವಾರಕ್ಕೆ ಆರು ದಿನ. ರಾಗಿ ಮಾಲ್ಟೂ 2024ರಲ್ಲೇ ಬಂದಿದ್ದು. ಇವೆಲ್ಲ ಬೇಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಂಗೆ ತಿರುಚಬೇಡಿ, ನಮ್ಮೂರ ಮಕ್ಕಳು ಮೊಟ್ಟೆ ದಿನ ಹೆಂಗೆ ಓಡಿ ಬರ್ತಾವೆ ಅಂತ ಕಣ್ಣಾರೆ ನೋಡಿದೀನಿ. ನಾನು ಕೇಳ್ತಿರೋದು ಇಷ್ಟೇ, ಹಾಲು ಸೇರ್ತು, ಮೊಟ್ಟೆ ಸೇರ್ತು, ಮಾಲ್ಟ್ ಸೇರ್ತು, ಆದ್ರೆ ಕಾಗದದ ಮೇಲಿನ ನಾಲ್ಕು ಗಂಟೆ ಮಾತ್ರ ನಾಲ್ಕೇ ಉಳ್ಕೊಂಡಿದ್ದು ಹೆಂಗೆ?

ಮೊಟ್ಟೆ ವಿಷ್ಯ ಸ್ವಲ್ಪ ಹೇಳ್ಬೇಕು. ಆ ದಿನ ಮೊಟ್ಟೆ ತಿನ್ನೋ ಮಕ್ಕಳು 80, ಉಳಿದವ್ರಿಗೆ ಬಾಳೆಹಣ್ಣು. ಎಂಬತ್ತು ಮೊಟ್ಟೆ ಬೇಯಿಸಿ, ತಣ್ಣೀರಿಗೆ ಹಾಕಿ ಸುಲೀತಾ ಕೂತ್ರು. ತಣ್ಣಗಾಗೋವರೆಗೂ ಕಾಯೋಕೆ ಟೈಮ್ ಇಲ್ಲ, ಬಿಸಿ ಬಿಸೀನೇ ಸುಲೀಬೇಕು, ಹೊಸ ಮೊಟ್ಟೆ ಆದ್ರೆ ಸಿಪ್ಪೆ ಬಿಳಿ ಭಾಗಾನೂ ಕಿತ್ಕೊಂಡು ಬರುತ್ತೆ, ಅಂಥದ್ದನ್ನ ಮಗುಗೆ ಕೊಟ್ರೆ "ನಂಗೆ ಹರಿದಿರೋದು ಬೇಡ" ಅಂತ ಮುಖ ಊದಿಸ್ಕೊಳುತ್ತೆ. ಅಮ್ಮನ ಹೆಬ್ಬೆರಳಿನ ಉಗುರು ಸಂದೀಲಿ ಸಿಪ್ಪೆ ಚೂರು ಚುಚ್ಚಿ ಚುಚ್ಚಿ ಚರ್ಮ ಗಟ್ಟಿಯಾಗಿದೆ. ಇದಕ್ಕೆ ನೀವು ಕೊಡೋದು ಎಷ್ಟು ಅಂತ ಗೊತ್ತಿಲ್ದೋರಿಗೆ ಹೇಳ್ತೀನಿ. ಒಂದು ಮೊಟ್ಟೆಗೆ 6 ರೂಪಾಯಿ ಇಟ್ಟಾಗ 5 ರೂಪಾಯಿ 20 ಪೈಸೆ ಮೊಟ್ಟೆಗೆ, 50 ಪೈಸೆ ಗ್ಯಾಸಿಗೆ, 30 ಪೈಸೆ ಸುಲಿಯೋಕೆ. ಎಂಬತ್ತು ಮೊಟ್ಟೆಗೆ 24 ರೂಪಾಯಿ, ಇಬ್ಬರು ಹಂಚ್ಕೊಂಡ್ರೆ ತಲಾ 12. ಅಮ್ಮನಿಗೆ ಇದ್ರ ಬಗ್ಗೆ ಬೇಜಾರೇನಿಲ್ಲ, ತಮಾಷೆ ಮಾಡ್ತಾಳೆ, "ಮೂವತ್ತು ಪೈಸೆ ಈಗ ಯಾವ ಅಂಗಡೀಲೂ ಇಸ್ಕಳಲ್ಲ, ಸರ್ಕಾರದಲ್ಲಿ ಮಾತ್ರ ನಡೀತದೆ" ಅಂತ.

ನನಗೆ ಆ 30 ಪೈಸೆ ಮೇಲೆ ಒಂಥರಾ ಗೌರವಾನೇ ಬಂತು ನೋಡಿ. ಯಾಕಂದ್ರೆ ಇಡೀ ಯೋಜನೇಲಿ ಅಮ್ಮ ಮಾಡೋ ಕೆಲಸಾನ ಕೆಲಸ ಅಂತ ಅಳತೆ ಮಾಡಿ ಬೆಲೆ ಕಟ್ಟಿರೋದು ಅದೊಂದೇ. ಉಳಿದದ್ದೆಲ್ಲ ಗೌರವ.

ಆಮೇಲೆ ಅಕ್ಕಿ ಆರಿಸಿ, ತರಕಾರಿ ಹೆಚ್ಚಿ, ಬೇಳೆ ಬೇಯಿಸಿ ಒಗ್ಗರಣೆ ಹಾಕಿ, ಸಾಂಬಾರ್ ಇಳಿಸಿ, ತಾವು ರುಚಿ ನೋಡಿ, ಮೇಷ್ಟ್ರಿಗೆ ರುಚಿ ನೋಡೋಕೆ ಕೊಟ್ಟು ರಿಜಿಸ್ಟರಲ್ಲಿ ಸೈನ್ ಹಾಕ್ಸಿ, ಬಡಿಸಿ, ಚಿಕ್ಕ ಮಕ್ಕಳ ಚೆಲ್ಲಿದ್ದು ಬಳಿದು, ತಾವು ಎರಡು ತುತ್ತು ತಿಂದು, 94 ತಟ್ಟೆ ಉಜ್ಜಿದ್ದನ್ನ ಮತ್ತೊಮ್ಮೆ ನೋಡಿ, ಬೋಸಿ ಕುಕ್ಕರ್ ತಿಕ್ಕಿ, ನೆಲ ತೊಳೆದು ಬೀಗ ಹಾಕಿದಾಗ 3.25. ಆರೂವರೆ ಗಂಟೆ. ಬುಧವಾರನೂ ಅಷ್ಟೇ, ಐದು ನಿಮಿಷ ಆಚೆ ಈಚೆ. ಸಂತೆ ದಿನ ತರಕಾರಿ ತರೋಕೆ ಹೋಗೋದು, ಸಿಲಿಂಡರ್ ಬಂದಾಗ ಕಾಯೋದು, ಶನಿವಾರ ಬೆಳಿಗ್ಗೆ ಸ್ಕೂಲಾದ್ರೆ ಏಳಕ್ಕೇ ಓಡೋದು ಇದ್ರಲ್ಲಿ ಸೇರಿಲ್ಲ.

ಈಗ ಲೆಕ್ಕ. ಇದನ್ನ ನಾನು ಮನೆಗೆ ಬಂದು ಕ್ಯಾಲ್ಕುಲೇಟರ್ ಹಿಡ್ಕೊಂಡು ಮಾಡ್ದಾಗ ನನಗೇ ಆಶ್ಚರ್ಯ ಆಯ್ತು, ನಾನು ಅಂದ್ಕೊಂಡಿದ್ದಂಗೆ ಬರ್ಲಿಲ್ಲ. 2022ರಲ್ಲಿ ಒಂದ್ಸಾವಿರ ಏರಿಸಿ ಸಹಾಯಕಿಗೆ 3,600, ಮುಖ್ಯ ಅಡುಗೆಯವರಿಗೆ 3,700 ಮಾಡಿದ್ರಿ. 2025ರ ಮಾರ್ಚಿನ ಬಜೆಟ್ಟಲ್ಲಿ ಮತ್ತೊಂದು ಸಾವಿರ ಅಂದ್ರಿ, ಅಂದ್ರೆ 4,600 ಮತ್ತು 4,700. ಅದಕ್ಕೆ ಥ್ಯಾಂಕ್ಸ್, ಕೊಂಕು ಅಲ್ಲ, ನಿಜವಾಗ್ಲೂ. ತಿಂಗಳಿಗೆ 24 ದಿನ ಶಾಲೆ ಅಂತ ಇಟ್ಕೊಂಡ್ರೆ ಅಮ್ಮನಿಗೆ ದಿನಕ್ಕೆ 191 ರೂಪಾಯಿ ಚಿಲ್ರೆ. ನೀವು ಹೇಳೋ ನಾಲ್ಕು ಗಂಟೆಯಿಂದ ಭಾಗಿಸಿದ್ರೆ ಗಂಟೆಗೆ ಹತ್ರ ಹತ್ರ 48 ರೂಪಾಯಿ. 2025-26ಕ್ಕೆ ನರೇಗಾದಲ್ಲಿ ಕರ್ನಾಟಕದ ದಿನಗೂಲಿ 370, ಅದನ್ನ ಎಂಟು ಗಂಟೆಗೆ ಹಂಚಿದ್ರೆ ಗಂಟೆಗೆ 46. ಅಂದ್ರೆ ಕಾಗದದ ಮೇಲೆ ನಮ್ಮಮ್ಮ ಗುಂಡಿ ತೋಡೋರಿಗಿಂತ ಎರಡು ರೂಪಾಯಿ ಜಾಸ್ತಿ ತಗೋತಿದ್ದಾಳೆ! ಯಾರಾದ್ರೂ ಕೇಸ್ ಹಾಕಿದ್ರೂ ನಿಮ್ಮ ವಕೀಲರು ಇದನ್ನೇ ತೋರಿಸ್ಬೋದು.

ಅದೇ 191ನ್ನ ಆರೂವರೆಯಿಂದ ಭಾಗಿಸಿ ನೋಡಿ. ಗಂಟೆಗೆ 29.

ಆಗ ನನಗೆ ಅರ್ಥ ಆಯ್ತು, ಆ ನಾಲ್ಕನ್ನ ಯಾಕೆ ಇಷ್ಟು ವರ್ಷದಿಂದ ಯಾರೂ ಮುಟ್ಟಿಲ್ಲ ಅಂತ. ಸಂಘಟನೆಯವರು ಆರು ಗಂಟೆ ಅಂತ ಮಾಡಿ ಅಂತ ಮನವಿ ಕೊಡ್ತಾನೇ ಇದಾರೆ, ಫ್ರೀಡಂ ಪಾರ್ಕಲ್ಲಿ ಕೂತು ಬಂದಿದಾರೆ, ಹೊರಗಿಂದ ನೋಡೋರಿಗೆ ಎರಡು ಗಂಟೆಗೆ ಇಷ್ಟ್ಯಾಕೆ ಗಲಾಟೆ ಅನ್ಸುತ್ತೆ. ಆದ್ರೆ ಇಡೀ ಲೆಕ್ಕ ನಿಂತಿರೋದೇ ಆ ನಾಲ್ಕರ ಮೇಲೆ ಸ್ವಾಮಿ. ಸಂಬಳ ಕಮ್ಮಿ ಯಾಕೆ ಅಂದ್ರೆ ಪಾರ್ಟ್ ಟೈಮು. ಪಿಎಫ್ ಇಲ್ಲ ಯಾಕೆ, ಪಾರ್ಟ್ ಟೈಮು. ರಜ ಇಲ್ಲ, ಕಾರ್ಮಿಕರ ಆರೋಗ್ಯ ವಿಮೆ ಇಎಸ್‌ಐ ಇಲ್ಲ, ಪೆನ್ಷನ್ ಇಲ್ಲ, ಎಲ್ಲಾದಕ್ಕೂ ಅದೊಂದೇ ಉತ್ತರ. ಅದು ಆರಾಗ್ಬಿಟ್ರೆ ಉಳಿದ ಉತ್ತರಗಳೆಲ್ಲ ಒಂದೊಂದಾಗಿ ಬಿದ್ದೋಗ್ತವೆ.

ಇರ್ಲಿ, ನಿಜವಾಗ್ಲೂ ನಾಲ್ಕೇ ಗಂಟೆ ಅಂತಾನೇ ಇಟ್ಕೊಳ್ಳೋಣ. ಆ ನಾಲ್ಕು ಗಂಟೆ ದಿನದ ಯಾವ ಭಾಗದಲ್ಲಿದೆ ನೋಡಿ. ಸರಿಯಾಗಿ ಮಧ್ಯದಲ್ಲಿ. ನಮ್ಮ ಕಡೆ ಹೊಲದ ಕೆಲಸಕ್ಕೆ ಹೆಣ್ಣಾಳು ಹೋಗೋದು ಒಂಬತ್ತು ಹತ್ತಕ್ಕೆ, ಸಂಜೆ ಐದಕ್ಕೆ ಬಿಡೋದು, ಇಲ್ಲಾ ಒಪ್ಪೊತ್ತಿನ ಕೆಲಸ ಅಂದ್ರೆ ಒಂದು ಒಂದೂವರೆವರೆಗೆ. ಬೆಳಿಗ್ಗೆ ಬೇಗ ಹೋಗಿ ಒಂಬತ್ತಕ್ಕೆ ಬರ್ತೀನಿ ಅಂದ್ರೆ ಯಾರೂ ಕರೆಯಲ್ಲ, ಮಧ್ಯಾಹ್ನ ಮೂರೂವರೆ ಮೇಲೆ ಬರ್ತೀನಿ ಅಂದ್ರೆ ನಗ್ತಾರೆ. ಕಡ್ಲೆಕಾಯಿ ಕೀಳೋ ಟೈಮಲ್ಲಿ, ಅಡಿಕೆ ಸುಲಿಯೋ ಟೈಮಲ್ಲಿ ಆಳೇ ಸಿಗಲ್ಲ, ಹೆಣ್ಣಾಳಿಗೆ ನಮ್ಮೂರಲ್ಲೇ ಮುನ್ನೂರೈವತ್ತು ನಾನೂರು ಕೊಡ್ತಾರೆ, ಮೇಲೆ ಊಟ ಕಾಫಿ. ಪಕ್ಕದ ಮನೆಯೋರು ಟಾಟಾ ಏಸಲ್ಲಿ ಕೂತು ಹೋಗ್ತಾರೆ, ಅಮ್ಮ ಶಾಲೆ ಬೀಗದ ಕೈ ಹಿಡ್ಕೊಂಡು ಅದೇ ದಾರೀಲಿ ನಡ್ಕೊಂಡು ಹೋಗ್ತಾಳೆ. ತೆಂಗಿನಕಾಯಿ ಹೋಳು ಮಾಡಿ ಮಧ್ಯದ ತಿರುಳೆಲ್ಲ ತಗೊಂಡು, ಚಿಪ್ಪು ನಿಂದೇ ತಾಯಿ ಏನ್ ಬೇಕಾದ್ರೂ ಮಾಡ್ಕೊ ಅಂದಂಗೆ ನಿಮ್ಮ ಪಾರ್ಟ್ ಟೈಮು. ಉಳಿದ ಹೊತ್ತಲ್ಲಿ ಬೇರೆ ದುಡೀಲಿ ಅಂತೀರಲ್ಲ, ಉಳಿದಿರೋದು ಏನು? ಬೆಳಿಗ್ಗೆ ಕಸ ಮುಸುರೆ ಹೊತ್ತು, ಸಂಜೆ ಕತ್ತಲಾಗೋ ಹೊತ್ತು. ಆ ಹೊತ್ತಲ್ಲಿ ಸಿಗೋ ಕೆಲಸ ಅಂದ್ರೆ ಮನೇಲೇ ಕೂತು ಕೆಜಿ ಲೆಕ್ಕದಲ್ಲಿ ಮಾಡೋ ಹುಣಸೆಹಣ್ಣು. ಅದು ಗಂಟೆಗೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕೋಕೆ ನನಗೆ ಧೈರ್ಯ ಬರ್ಲಿಲ್ಲ.

ಇದು ಅಮ್ಮನ ಕತೆ ಮಾತ್ರ ಅಲ್ಲ, ನನ್ನದೂ ಸ್ವಲ್ಪ ಇದೆ, ಬೇಗ ಹೇಳ್ಬಿಡ್ತೀನಿ. ನಾನು ಊರ ಹತ್ರದ ಟೌನಲ್ಲಿ ಒಂದು ಅಂಗಡೀಲಿ ಅಕೌಂಟ್ಸ್ ನೋಡ್ತೀನಿ, ಅಂಗಡಿ ಹೆಸರು ಬೇಡ. ಮಗಳು ಹುಟ್ಟೋ ಮುಂಚೆ ದಿನಕ್ಕೆ ಎಂಟು ಗಂಟೆ, 17,000. ಮಗು ಆದ್ಮೇಲೆ ಹತ್ತರಿಂದ ಎರಡರವರೆಗೆ ಬರ್ತೀನಿ ಅಂದೆ. ಗಂಟೆ ಅರ್ಧ ಆದ್ರೆ ಸಂಬಳ ಅರ್ಧ, 8,500 ಆಗ್ಬೇಕಲ್ವಾ? ಓನರ್ 7,000 ಅಂದ್ರು. ಯಾಕೆ ಸಾರ್ ಅಂದ್ರೆ "ಪಾರ್ಟ್ ಟೈಮ್ ಅಲ್ವೇನಮ್ಮಾ" ಅಂದ್ರು, ಅದೇನೋ ಬೇರೆ ಜಾತಿ ಕೆಲಸ ಅನ್ನೋಥರ. ಪಿಎಫ್ ನಿಲ್ಸಿದ್ರು, ಪಾರ್ಟ್ ಟೈಮ್‌ನೋರಿಗೆ ಬರಲ್ಲ ಅಂತ, ಕಾನೂನಲ್ಲಿ ಹಂಗೆ ಪಾರ್ಟ್ ಟೈಮ್ ಅಂತ ಬಿಡೋಕೆ ಅವಕಾಶ ಇಲ್ಲ, ಆದ್ರೆ ಕೆಲಸ ಬೇಕಾದೋಳು ಎಷ್ಟು ವಾದ ಮಾಡ್ತಾಳೆ. ಜೊತೆಗೆ ಎರಡು ಗಂಟೆಗೆ ಎದ್ದು ಹೋದ ದಿನ ಬೆರಳೆಣಿಕೆ. ಇನ್ಕ್ರಿಮೆಂಟ್ ಬಂದಾಗ ನನ್ನ ಕೈ ಕೆಳಗೆ ಟ್ಯಾಲಿ ಕಲಿತ ಹುಡುಗಂಗೆ ಬಂತು, ನನಗೆ "ನೀನು ಫುಲ್ ಟೈಮ್ ಆದ್ಮೇಲೆ ನೋಡೋಣ". ಪ್ರೈವೇಟ್ ಓನರ್ ಮೇಲೆ ಹೆಂಗೆ ಬೇಜಾರು ಮಾಡ್ಕೊಳ್ಲಿ ಹೇಳಿ, ಒಂದು ಲಕ್ಷಕ್ಕೂ ಮೇಲ್ಪಟ್ಟು ಹೆಂಗಸರನ್ನ ಹಿಂಗೇ ಇಟ್ಕೊಂಡಿರೋ ಸರ್ಕಾರ ಎದುರಿಗೇ ಇರುವಾಗ.

ಇನ್ನೊಂದು ಮಾತು ಕೇಳ್ಬೇಕು. ನಮ್ಮಪ್ಪ ತೀರ್ಕೊಂಡಿದ್ದು 2004ರಲ್ಲಿ. ಈ ಕೆಲಸಕ್ಕೆ ವಿಧವೆಯರಿಗೆ, ದಿಕ್ಕಿಲ್ಲದ ಬಡ ಹೆಂಗಸರಿಗೆ ಆದ್ಯತೆ ಅಂತ ನೀವೇ ನಿಯಮ ಮಾಡಿದ್ರಿ, ಅಮ್ಮನಿಗೆ ಕೆಲಸ ಸಿಕ್ಕಿದ್ದು ಹಂಗೇ. ಒಳ್ಳೆ ನಿಯಮ. ಆದ್ರೆ ದುಡ್ಡು ನಿಗದಿ ಮಾಡುವಾಗ ಮಾತ್ರ ಇದು ಮನೆ ಖರ್ಚಿಗೆ ಒಂದು ಸಣ್ಣ ಸಹಾಯ, ಮುಖ್ಯ ಸಂಪಾದನೆ ಬೇರೆಯವರದ್ದು ಇರುತ್ತೆ ಅನ್ನೋ ಥರ ನಿಗದಿ ಮಾಡಿದ್ರಿ. ಗಂಡ ಇಲ್ದೋಳು ಅಂತ ಕೆಲಸ ಕೊಟ್ರಿ, ಗಂಡ ದುಡೀತಾನೆ ಅನ್ನೋ ಲೆಕ್ಕದಲ್ಲಿ ದುಡ್ಡು ಕೊಟ್ರಿ. ಅದೂ ವರ್ಷಕ್ಕೆ ಹತ್ತೇ ತಿಂಗಳು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮನೇಲಿ ಒಲೆ ಉರಿಯಲ್ಲ ಅಂದ್ಕೊಂಡ್ರೋ ಏನೋ. 4,600ನ್ನ ಹತ್ತು ತಿಂಗಳಿಗೆ ತಗೊಂಡು ಹನ್ನೆರಡು ತಿಂಗಳಿಗೆ ಹಂಚಿದ್ರೆ 3,833. ಗೃಹಲಕ್ಷ್ಮಿ 2,000 ಬರುತ್ತೆ, ಅದು ಮನೆ ಯಜಮಾನಿ ಅಂತ, ಸಂತೋಷ. ಆದ್ರೆ ಮನೇಲಿ ಇದ್ದಿದ್ದಕ್ಕೆ ಎರಡು ಸಾವಿರ, 94 ಮಕ್ಕಳಿಗೆ ಬೇಯಿಸಿ ಹಾಕಿದ್ದಕ್ಕೆ ಮೂರು ಸಾವಿರದೆಂಟುನೂರು ಅಂದ್ರೆ, ಆರೂವರೆ ಗಂಟೆ ಬೆವರಿಗೆ ನೀವು ಹೆಚ್ಚಿಗೆ ಕಟ್ಟಿದ ಬೆಲೆ ಎಷ್ಟು ಅಂತ ನೀವೇ ಕಳೆದು ನೋಡಿ.

ದಿಲ್ಲಿಯವರಿಗೂ ಇಲ್ಲೇ ಹೇಳ್ಬಿಡ್ತೀನಿ. ನೀವು ಅಡುಗೆಯವರಿಗೆ ತಿಂಗಳಿಗೆ 1,000 ಅಂತ ನಿಗದಿ ಮಾಡಿದ್ದು 2009ರಲ್ಲಿ. ಇವತ್ತಿಗೂ ಅದೇ ಸಾವಿರ. ಅದ್ರಲ್ಲಿ ನಿಮ್ಮ ಪಾಲು 600, ಉಳಿದ 400 ರಾಜ್ಯದ್ದು, ಮೇಲಿಂದ ಏನಾದ್ರೂ ಹಾಕೋದಿದ್ರೆ ರಾಜ್ಯಾನೇ ಹಾಕ್ಕೋಬೇಕು. ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು ಅಮ್ಮನ ಕೈಲಿ ಉಂಡು ದೊಡ್ಡವನಾಗಿ ಡಿಗ್ರಿ ಮುಗಿಸಿ ಈಗ ಬೆಂಗಳೂರಲ್ಲಿ ಡೆಲಿವರಿ ಕೆಲಸ ಮಾಡ್ತಿದಾನೆ, ಊರಿಗೆ ಬಂದಾಗೆಲ್ಲ ಅಮ್ಮನ್ನ ಮಾತಾಡಿಸ್ತಾನೆ. ಯೋಜನೆ ಹೆಸರು 2021ರಲ್ಲಿ ಪಿಎಂ ಪೋಷಣ್ ಅಂತ ಬದಲಾಯ್ತು, ಬೋರ್ಡು ಹೊಸದು ಬರೆಸಿದ್ರು, 600 ಮಾತ್ರ ಹಳೇದೇ.

ಕೋರ್ಟುಗಳು ಸುಮ್ನಿಲ್ಲ. 1982ರಲ್ಲೇ ದಿಲ್ಲಿ ಏಷ್ಯನ್ ಗೇಮ್ಸ್ ಕಟ್ಟಡದ ಕೂಲಿಗಳ ಕೇಸಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸ್ಕೊಳ್ಳೋದು ಸಂವಿಧಾನದ 23ನೇ ವಿಧಿ ಪ್ರಕಾರ ಬಲವಂತವಾಗಿ ದುಡಿಸ್ದಂಗೇ ಅಂತ ಹೇಳಿದೆ. 2020ರ ಡಿಸೆಂಬರಲ್ಲಿ ಅಲಹಾಬಾದ್ ಹೈಕೋರ್ಟ್ ಉತ್ತರ ಪ್ರದೇಶದ ಬಿಸಿಯೂಟದ ಅಡುಗೆಯವಳೊಬ್ಬಳ ಕೇಸಲ್ಲಿ, ತಿಂಗಳಿಗೆ ಸಾವಿರ ಕೊಡೋದು ಅದೇ ಬಲವಂತದ ದುಡಿಮೆ ಅಂತ ನೇರವಾಗಿ ಹೇಳ್ತು. 2022ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿಯವರಿಗೆ ಗ್ರ್ಯಾಚುಯಿಟಿ, ಅಂದ್ರೆ ಕೆಲಸ ಬಿಡುವಾಗ ಸಿಗೋ ಇಡಿಗಂಟು, ಕೊಡ್ಬೇಕು ಅಂದಾಗ ಅಲ್ಲೂ ಸರ್ಕಾರದ ಕಡೆಯಿಂದ ಬಂದ ವಾದ ಏನು ಗೊತ್ತಾ, ಇದು ಪಾರ್ಟ್ ಟೈಮ್ ಕೆಲಸ ಅನ್ನೋದು. ಅವರು ಮಾಡೋ ಕೆಲಸ ನೋಡಿದ್ರೆ ಆ ಮಾತು ಒಪ್ಪೋಕಾಗಲ್ಲ ಅಂತ ಕೋರ್ಟ್ ತಳ್ಳಿಹಾಕ್ತು. ಅದಕ್ಕೂ ಮೊದ್ಲು 2013ರಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ, ಸರ್ಕಾರ, ಮಾಲೀಕರು, ಕಾರ್ಮಿಕರು ಮೂರೂ ಕಡೆಯವರು ಕೂತ ಸಭೇಲಿ, ಸ್ಕೀಮ್ ಕೆಲಸದವರನ್ನ, ಅಂದ್ರೆ ಅಂಗನವಾಡಿ ಬಿಸಿಯೂಟದಂಥ ಸರ್ಕಾರಿ ಯೋಜನೆಗಳಲ್ಲಿ ದುಡಿಯೋರನ್ನ, ಕಾರ್ಮಿಕರು ಅಂತ ಒಪ್ಪಿ ಕನಿಷ್ಠ ವೇತನ ಕೊಡಿ ಅಂತ ಶಿಫಾರಸು ಆಗಿದೆ.

ಒಂದು ವಿಚಿತ್ರ ನೋಡಿ. ಕನಿಷ್ಠ ಕೂಲಿ ಕಾಯ್ದೆ 1948ರಲ್ಲೇ ಒಂದು ಮಾತಿತ್ತು, ಈಗಿನ ವೇತನ ಸಂಹಿತೇಲೂ ಅದು ಬಂದಿದೆ. ಕೆಲಸಗಾರ ಕೆಲಸಕ್ಕೆ ಬಂದು, ತನಗೆ ಮನಸಿಲ್ಲ ಅಂತ ತಾನೇ ಬಿಟ್ಟಿದ್ದಲ್ಲದೆ ಬೇರೆ ಕಾರಣಕ್ಕೆ ಪೂರ್ತಿ ದಿನಕ್ಕಿಂತ ಕಮ್ಮಿ ಗಂಟೆ ದುಡಿದ್ರೂ, ಅವನಿಗೆ ಪೂರ್ತಿ ದಿನದ ಕೂಲೀನೇ ಕೊಡ್ಬೇಕು ಅಂತ. ಅಂದ್ರೆ ಆ ಕಾಯ್ದೆ ಬರೆದೋರಿಗೆ ಗೊತ್ತಿತ್ತು, ಅರ್ಧ ದಿನ ಕೆಲಸಕ್ಕೆ ಕರೆದ್ರೆ ಅವನ ಇಡೀ ದಿನ ಹೋಯ್ತು ಅಂತ. ಅಮ್ಮನಿಗೆ ಇದು ಅನ್ವಯ ಆಗಲ್ಲ ಅಂತೀರಿ, ಯಾಕಂದ್ರೆ ನಿಮ್ಮ ಪ್ರಕಾರ ಅವಳು ಕೆಲಸಗಾರಳೇ ಅಲ್ಲ. ಗೌರವಧನ ತಗೊಳ್ಳೋರು ಸ್ವಯಂಸೇವಕರು. ಸ್ವಯಂಸೇವಕಿಗೆ ಒಂದು ದಿನ ಹುಷಾರಿಲ್ಲ ಅಂದ್ರೆ ಬದಲಿ ಆಳು ಕಳ್ಸು ಅನ್ನೋದು ಯಾವ ಸೇವೆ? ಮೂರು ವರ್ಷದ ಹಿಂದೆ ಸಾಂಬಾರ್ ಇಳಿಸುವಾಗ ಕೈ ಜಾರಿ ಅಮ್ಮನ ಮೊಣಕೈಯಿಂದ ಮಣಿಕಟ್ಟಿನವರೆಗೂ ಸುಟ್ಟೋಯ್ತು. ಹನ್ನೊಂದು ದಿನ ಹೋಗಕ್ಕಾಗ್ಲಿಲ್ಲ. ಆ ಹನ್ನೊಂದು ದಿನ ಚಿಕ್ಕಮ್ಮನ್ನ ಕಳ್ಸಿದ್ವಿ, ಅವಳ ಕೂಲಿ ಹಾಳಾಗ್ಬಾರ್ದು ಅಂತ ದಿನಕ್ಕೆ 250ರಂತೆ ನಾವೇ ಕೊಟ್ವಿ. ಆ ತಿಂಗಳು ಅಮ್ಮ ಸರ್ಕಾರಕ್ಕೆ ಅಡುಗೆ ಮಾಡಿ ಕೊಡೋಕೆ, ಸರ್ಕಾರದಿಂದ ಬಂದ ದುಡ್ಡಿಗಿಂತ ಜಾಸ್ತಿ ಕೈಯಿಂದ ಹಾಕಿದ್ಲು, ಆಸ್ಪತ್ರೆ ಮುಲಾಮು ಮಾತ್ರೆ ಎಲ್ಲಾ ಸೇರಿ. ನಮ್ಮ ಅಂಗಡೀಲಿ ಗೋಣಿಚೀಲ ಹೊರೋ ಹುಡುಗಂಗೆ ಇಎಸ್‌ಐ ಇದೆ.

ಹಣ ಎಲ್ಲಿಂದ ತರೋದು ಅಂತ ಹಣಕಾಸು ಇಲಾಖೆಯವರು ಕೇಳ್ತಾರೆ, ನ್ಯಾಯವಾದ ಪ್ರಶ್ನೇನೇ. ಕೇರಳದಲ್ಲಿ ಇದೇ ಬಿಸಿಯೂಟಕ್ಕೆ ದಿನಕ್ಕೆ 600ರ ಮೇಲೆ ಕೊಡ್ತಾರೆ. ಹಂಗಂತ ಅಲ್ಲಿ ಎಲ್ಲಾ ಸರಿ ಇದೆ ಅಂತ ನಾನು ಹೇಳಲ್ಲ, ಅಲ್ಲಿ 500 ಮಕ್ಕಳವರೆಗೂ ಒಬ್ಬರೇ ಅಡುಗೆಯವರು ಅಂತ ಲೆಕ್ಕ ಇಟ್ಟಿದಾರೆ, ಅದು ಸಾಯೋ ಕೆಲಸ, ಅದನ್ನ ಕಾಪಿ ಹೊಡೀಬೇಡಿ. ತಮಿಳುನಾಡಲ್ಲಿ ಅಡುಗೆಯವರಿಗೆ ವಿಶೇಷ ವೇತನ ಶ್ರೇಣಿ ಅಂತ ಮಾಡಿದಾರೆ, ದೊಡ್ಡ ಸಂಬಳ ಅಲ್ಲ, ಆದ್ರೆ ಅದು ಸಂಬಳ, ವರ್ಷಕ್ಕೊಂದು ಇನ್ಕ್ರಿಮೆಂಟ್ ಅಂತ ಇದೆ. ನಮ್ಮಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದ ಅಮ್ಮನಿಗೂ 4,600, ಹೋದ ಜೂನಲ್ಲಿ ಸೇರಿದೋರಿಗೂ 4,600. ಅನುಭವಕ್ಕೆ ಸೊನ್ನೆ. ಅಮ್ಮನಿಗೆ ಈಗ 54, ಅರವತ್ತಕ್ಕೆ ಮನೆಗೆ ಹೋಗಿ ಅಂತಾರೆ. ಸ್ವಯಂಸೇವೆಗೆ ನಿವೃತ್ತಿ ವಯಸ್ಸು ಮಾತ್ರ ಸರ್ಕಾರಿ ನೌಕರರದ್ದು, ಇದನ್ನ ಯಾರು ಯೋಚನೆ ಮಾಡಿದ್ರೋ ಅವರ ಬುದ್ಧಿಗೆ ಕೈ ಮುಗೀಬೇಕು.

ನನ್ನ ಬೇಡಿಕೆ ದೊಡ್ಡದಲ್ಲ, ಅಥವಾ ದೊಡ್ಡದೇ ಇರ್ಬೋದು, ನೀವೇ ಹೇಳಿ. ಮೊದಲ್ನೇದಾಗಿ ದಯವಿಟ್ಟು ಅಳತೆ ಮಾಡಿ. ಮೇಷ್ಟ್ರಿಗೆ ಹಾಜರಿ ಇದೆ, ಮಕ್ಕಳಿಗೆ ಹಾಜರಿ ಇದೆ, ಎಷ್ಟು ಮಕ್ಕಳು ಉಂಡ್ರು ಅಂತ ದಿನಾ ಮೊಬೈಲಲ್ಲಿ ಮೆಸೇಜ್ ಹೋಗುತ್ತೆ, ಮೊಟ್ಟೆ ಎಣಿಸ್ತೀರಿ, ಅಕ್ಕಿ ಗ್ರಾಂ ಲೆಕ್ಕದಲ್ಲಿ ತೂಗ್ತೀರಿ. ಅಡುಗೆಯವರು ಎಷ್ಟು ಗಂಟೆಗೆ ಬಂದ್ರು, ಎಷ್ಟು ಗಂಟೆಗೆ ಹೋದ್ರು ಅನ್ನೋ ಎರಡು ಕಾಲಂ ಮಾತ್ರ ಯಾವ ರಿಜಿಸ್ಟರಲ್ಲೂ ಇಲ್ಲ. ಒಂದೇ ಒಂದು ತಿಂಗಳು, ಎಲ್ಲಾ ಶಾಲೇಲೂ ಆ ಎರಡು ಕಾಲಂ ಹಾಕ್ಸಿ, ಹೆಡ್ ಮೇಷ್ಟ್ರ ಕೈಲಿ ಸೈನ್ ಮಾಡ್ಸಿ. ಸರಾಸರಿ ನಾಲ್ಕು ಗಂಟೆ ಬಂದ್ರೆ ನಾನು ಈ ಪತ್ರ ವಾಪಸ್ ತಗೋತೀನಿ. ಆರು ಬಂದ್ರೆ ಆರು ಅಂತ ಆದೇಶ ಮಾಡಿ, ಆ ಗಂಟೆಗಳಿಗೆ ರಾಜ್ಯದ ಕನಿಷ್ಠ ವೇತನದ ದರದಲ್ಲಿ ಕೊಡಿ, ಹನ್ನೆರಡು ತಿಂಗಳೂ ಕೊಡಿ. ಸುಟ್ಟ ಕೈಗೆ ಇಎಸ್‌ಐ, ವಯಸ್ಸಾದ ಮೇಲೆ ಪಿಎಫ್ ಪೆನ್ಷನ್, ತಿಂಗಳಿಗೆ ಒಂದಾದ್ರೂ ಸಂಬಳ ಕಡಿತ ಇಲ್ಲದ ರಜ. ದಿಲ್ಲಿಯವರು ಆ 600ನ್ನ ಇನ್ನಾದ್ರೂ ಮುಟ್ಟಿ. ಗಂಟೆ ಜಾಸ್ತಿ ತೋರಿಸ್ತಾರೆ ಅಂತ ಮಾತ್ರ ಗಾರ್ಡನ್‌ಗೆ ನೀರು ಹಾಕು, ಶಾಲೆ ಕಸ ಗುಡಿಸು ಅಂತ ಹೊಸ ಕೆಲಸ ತುರುಕಬೇಡಿ, ಈಗಲೇ ಕೆಲವು ಕಡೆ ಅದೂ ನಡೀತಿದೆ.

ಮತ್ತೆ ಮೀಟಿಂಗಲ್ಲಿ ನಕ್ಕ ಆ ಸಾಹೇಬ್ರಿಗೆ ಒಂದು ಮಾತು, ನೀವು ಇದನ್ನ ಓದಿದ್ರೆ. ನಿಮ್ಮ ಮೇಲೆ ಸಿಟ್ಟಿಲ್ಲ. ಒಂದು ದಿನ ನಮ್ಮ ಶಾಲೆಗೆ ಬನ್ನಿ, ತಪಾಸಣೆಗೆ ಬೇಡ, ತಪಾಸಣೆ ಅಂದ್ರೆ ಹೆಡ್ ಮೇಷ್ಟ್ರು ಹಿಂದಿನ ದಿನಾನೇ ಗೋಡೆ ತೊಳೆಸ್ತಾರೆ, ಅದೂ ಅಮ್ಮನ ಕೈಲೇ. 8.55ಕ್ಕೆ ಬಂದ್ರೆ ಬೀಗದ ಕೈ ಅಮ್ಮನ ಹತ್ರಾನೇ ಇರುತ್ತೆ. ಕೂರೋಕೆ ಮಣೆ ಕೊಡ್ತಾಳೆ, ಹಾಲು ಕೊಡ್ತಾಳೆ. ಹನ್ನೊಂದೂವರೆ ಹೊತ್ತಿಗೆ ಮೊಟ್ಟೆ ಪಾತ್ರೆ ಇಳಿಸ್ತಾರೆ, ಆಗ ಒಂದು ಇಪ್ಪತ್ತು ಮೊಟ್ಟೆ ನಿಮ್ಮ ಮುಂದೆ ಇಟ್ರೆ ಬೇಜಾರು ಮಾಡ್ಕೋಬೇಡಿ, ಸುಲಿದುಕೊಡಿ, ಆರು ರೂಪಾಯಿ ಆಗುತ್ತೆ, ಅಮ್ಮ ಲೆಕ್ಕ ಇಟ್ಟು ಕೊಡ್ತಾಳೆ.

ಇಂತಿ,
ಬಿಸಿಯೂಟದ ಅಡುಗೆ ಸಹಾಯಕಿಯೊಬ್ಬರ ಮಗಳು,
ತುಮಕೂರು ಜಿಲ್ಲೆ